ಲೈವ್‌ನಿಂದ ಕತ್ತರಿಸಿದ ಕ್ಲಿಪ್ ಶುರುವಲ್ಲೇ ಕಪ್ಪಾಗುತ್ತಿತ್ತು: ಸರಿಹೋದದ್ದು ಹೀಗೆ

ಯಕ್ಷಗಾನದ ಲೈವ್ ರೆಕಾರ್ಡಿಂಗ್‌ನಿಂದ 30 ಸೆಕೆಂಡಿನ ತುಣುಕು ತೆಗೆದರೆ, ಭಾಗವತರ ಪದ ಮೊದಲ ಕ್ಷಣದಿಂದಲೇ ಕೇಳುತ್ತದೆ, ಚಿತ್ರ ಮಾತ್ರ ಐದಾರು ಸೆಕೆಂಡು ಕಪ್ಪು. ಫೋನಿನದಾಗಲಿ ವಾಟ್ಸಾಪಿನದಾಗಲಿ ತಪ್ಪಲ್ಲ ಅದು.

ವಿಡಿಯೋದಲ್ಲಿ ಪೂರ್ತಿ ಚಿತ್ರ ಇರುವುದು ಕೀಫ್ರೇಮ್‌ಗಳಲ್ಲಿ ಮಾತ್ರ. ನಡುವಿನವು ಬರೀ ಬದಲಾವಣೆಗಳು. ಮರು-ಎನ್‌ಕೋಡ್ ಮಾಡದೆ, ಅಂದರೆ ವಿಡಿಯೋವನ್ನು ಹೊಸದಾಗಿ ಸಂಕುಚಿಸದೆ, ನಡುವೆ ಕತ್ತರಿಸಿದರೆ ಮುಂದಿನ ಕೀಫ್ರೇಮ್‌ವರೆಗೆ ತೋರಿಸಲು ಚಿತ್ರವೇ ಇರುವುದಿಲ್ಲ. ನಾನು ರೆಕಾರ್ಡ್ ಮಾಡುವ ಓಬಿಎಸ್ ತಂತ್ರಾಂಶದಲ್ಲಿ ಕೀಫ್ರೇಮ್ ಅಂತರ 0 ಎಂದಿತ್ತು, ಅಂದರೆ ಆಯ್ಕೆ ಎನ್‌ಕೋಡರ್‌ಗೇ ಬಿಟ್ಟದ್ದು. ಎಕ್ಸ್264 ಎಂಬ ವಿಡಿಯೋ ಎನ್‌ಕೋಡರ್ ಆಗ ಅದನ್ನು 250 ಫ್ರೇಮ್‌ವರೆಗೂ ಎಳೆಯುತ್ತದೆ, ಸೆಕೆಂಡಿಗೆ 30 ಫ್ರೇಮ್ ಇದ್ದರೆ ಅದು 8 ಸೆಕೆಂಡು ದಾಟುತ್ತದೆ.

ಔಟ್‌ಪುಟ್ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಮೋಡ್‌ನಲ್ಲಿ ಅಂತರವನ್ನು 2 ಸೆಕೆಂಡಿಗೆ ಇಳಿಸಿದೆ. ಹಳೆಯ ರೆಕಾರ್ಡಿಂಗ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಅವುಗಳ ತುಣುಕನ್ನಷ್ಟೇ ಮರು-ಎನ್‌ಕೋಡ್ ಮಾಡಬೇಕು: ವಿಡಿಯೋ ಎಚ್.264 ರೂಪದಲ್ಲಿ, ಸಿಆರ್‌ಎಫ್ (ಗುಣಮಟ್ಟದ ಅಳತೆ, ಕಡಿಮೆಯಾದಷ್ಟೂ ಚೆನ್ನ) 20, ಧ್ವನಿ ಎಎಸಿ ರೂಪದಲ್ಲಿ 128 ಕೆಬಿಪಿಎಸ್. ಚಂಡೆಯ ಏಟು ಒಡೆದು ಕೇಳಿದರೆ 192ಕ್ಕೆ ಏರಿಸಿ, ಹಂಚುವ ಫೈಲ್ ಅಷ್ಟೇನೂ ದೊಡ್ಡದಾಗುವುದಿಲ್ಲ.

ಸ್ಟೇಟಸ್‌ಗೆ ಲಂಬ ಚಿತ್ರ ಬೇಕಿದ್ದರೆ 1920×1080ರಿಂದ 608×1080 ಕತ್ತರಿಸಿ. 9:16 ಅನುಪಾತದ ಲೆಕ್ಕದಲ್ಲಿ ಅಗಲ 607.5 ಬರುತ್ತದೆ, ಆದರೆ ಎನ್‌ಕೋಡರ್‌ಗೆ ಸಮಸಂಖ್ಯೆಯೇ ಆಗಬೇಕು. ವೇಷಧಾರಿ ಸುತ್ತು ಹಾಕುವ ದೃಶ್ಯವನ್ನು ಮಾತ್ರ ಅಡ್ಡವಾಗಿಯೇ ಬಿಡಿ, ಲಂಬದಲ್ಲಿ ಕುಣಿತ ಅರ್ಧ ಕಾಣುವುದೇ ಇಲ್ಲ.