ಪಿಕಪ್ ಬ್ರೇಕ್ ಗಟ್ಟಿಯಾಯಿತೇ? ಬೂಸ್ಟರ್ ಬಿಚ್ಚುವ ಮೊದಲು ಇದನ್ನು ಓದಿ

ಹಳೇ ಪಿಕಪ್‌ನ ಬ್ರೇಕ್ ಪೆಡಲ್ ಗಟ್ಟಿಯಾಯಿತು ಅಂದರೆ ಸಾಕು, ಬಾನೆಟ್ ಎತ್ತುವ ಮೊದಲೇ "ಬೂಸ್ಟರ್ ಹೋಗಿದೆ" ಅನ್ನುವ ತೀರ್ಪು ಬಂದುಬಿಡುತ್ತದೆ. ಬೂಸ್ಟರ್ ಅಂದರೆ ವ್ಯಾಕ್ಯೂಮಿನ (ಗಾಳಿ ಹೀರಿ ತೆಗೆದ ಜಾಗದ) ಎಳೆತದಿಂದ ಕಾಲಿನ ಒತ್ತಿಗೆ ಬಲ ಕೂಡಿಸುವ ಡಬ್ಬಿ. ಹೊಸ ಬೂಸ್ಟರ್ ಕೂರಿಸಿದ ಮೇಲೂ ಪೆಡಲ್ ಹಾಗೇ ಇರುತ್ತದೆ. ಯಾಕೆಂದರೆ ಕೆಟ್ಟಿದ್ದು ಅದಕ್ಕೆ ವ್ಯಾಕ್ಯೂಮ್ ತರುವ ನೂರಿನ್ನೂರು ರೂಪಾಯಿಯ ಪೈಪು. ಇನ್ನು ಕೆಲವು ಗಾಡಿಗಳಲ್ಲಿ ನಿಜವಾಗಿಯೂ ಬೂಸ್ಟರೇ ಹೋಗಿರುತ್ತದೆ, ಆದರೆ ಹೊಸದನ್ನು ಅಳತೆ ನೋಡದೆ ಬಿಗಿದು ಕಳಿಸಿರುತ್ತಾರೆ. ಅಡಿಕೆ ಹೇರಿಕೊಂಡು ಆಗುಂಬೆ ಘಾಟಿಯ 14 ತಿರುವು ಇಳಿಯುವ ಗಾಡಿಗೆ ಎರಡೂ ಅಪಾಯ.

ಇಲ್ಲಿ ಹೇಳುತ್ತಿರುವುದು ಬೊಲೆರೊ ಪಿಕಪ್, ಟಾಟಾ 407 ಥರದ, ವ್ಯಾಕ್ಯೂಮ್ ಬೂಸ್ಟರ್ ಇರುವ ಗಾಡಿಗಳ ಬಗ್ಗೆ. ಏರ್ ಬ್ರೇಕ್ ಇರುವ ದೊಡ್ಡ ಲಾರಿಗಳ ಕತೆಯೇ ಬೇರೆ.

ಮೊದಲು ಪರೀಕ್ಷೆ

ಎಂಜಿನ್ ಆಫ್ ಮಾಡಿ. ಪೆಡಲನ್ನು ಐದಾರು ಸಲ ಒತ್ತಿ, ಗಟ್ಟಿಯಾಗುವವರೆಗೆ. ಹಾಗೇ ಒತ್ತಿ ಹಿಡಿದುಕೊಂಡು ಸ್ಟಾರ್ಟ್ ಮಾಡಿ. ಕಾಲಿನಡಿ ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಕಾಲಿಗೆ ವ್ಯಾಕ್ಯೂಮಿನ ಸಹಾಯ ಸಿಗುತ್ತಿಲ್ಲ ಎಂದರ್ಥ. ಯಾರಿಂದ ಸಿಗುತ್ತಿಲ್ಲ ಅನ್ನುವುದು ಇನ್ನೂ ಗೊತ್ತಾಗಿಲ್ಲ.

ಈಗ ಒಂದೆರಡು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ನಿಧಾನಕ್ಕೆ ಮೂರ್ನಾಲ್ಕು ಸಲ ಒತ್ತಿ. ಮೊದಲ ಸಲ ಆಳಕ್ಕೆ ಹೋಗಿ, ಆಮೇಲೆ ಒಂದೊಂದು ಸಲಕ್ಕೂ ಪೆಡಲ್ ಮೇಲೇ ನಿಲ್ಲಬೇಕು. ಮೊದಲ ಸಲವೇ ಗಟ್ಟಿ ಇದ್ದರೆ ವ್ಯಾಕ್ಯೂಮ್ ಎಲ್ಲೋ ಸೋರುತ್ತಿದೆ. ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಕಾಲ ಬಳಿ ಸುಯ್ ಅನ್ನುವ ಸದ್ದು ನಿಲ್ಲದಿದ್ದರೆ ಬೂಸ್ಟರ್ ಒಳಗಿನ ರಬ್ಬರ್ ಹರಿದಿರುವ ಸಾಧ್ಯತೆ ಜಾಸ್ತಿ. ಒತ್ತುವಾಗ ಮಾತ್ರ ಒಂದು ಕ್ಷಣ ಬರುವ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ.

ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತಿದೆಯೇ? ಹಾಗಾದರೆ ಬೂಸ್ಟರನ್ನು ಬಿಡಿ. ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ (ಬೂಸ್ಟರಿನ ಮುಂದೆ ಕೂತು ಬ್ರೇಕ್ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಭಾಗ) ಒಳಗಿನ ರಬ್ಬರ್ ಸವೆದಿದೆ.

ಬೂಸ್ಟರ್ ಆಚೆಗೂ ನೋಡಿ

ಪೆಟ್ರೋಲ್ ಗಾಡಿಗೆ ವ್ಯಾಕ್ಯೂಮ್ ಎಂಜಿನ್ನಿನ ಮ್ಯಾನಿಫೋಲ್ಡಿನಿಂದಲೇ ಸಿಗುತ್ತದೆ. ಡೀಸೆಲ್ ಗಾಡಿಗೆ ಅದಕ್ಕೊಂದು ಪಂಪ್ ಬೇಕು. ನಮ್ಮ ಹಳೇ ಪಿಕಪ್‌ಗಳಲ್ಲಿ ಅದು ಹೆಚ್ಚಾಗಿ ಆಲ್ಟರ್ನೇಟರ್ ಬೆನ್ನಿಗೆ ಕೂತಿರುತ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿ ದೀಪ ಹತ್ತಿಕೊಂಡು, ಬ್ರೇಕೂ ಗಟ್ಟಿಯಾದರೆ ಮೊದಲು ಬೆಲ್ಟ್ ನೋಡಿ. ಬೆಲ್ಟ್ ಜಾರಿದರೆ ಕರೆಂಟೂ ಇಲ್ಲ, ವ್ಯಾಕ್ಯೂಮೂ ಇಲ್ಲ.

ಆಮೇಲೆ ಪೈಪು. ಬೂಸ್ಟರ್ ಕಡೆಯ ತುದಿ ಬಿಚ್ಚಿ, ಎಂಜಿನ್ ಓಡುವಾಗ ಹೆಬ್ಬೆರಳು ಇಟ್ಟು ನೋಡಿ, ಗಟ್ಟಿಯಾಗಿ ಎಳೆದು ಹಿಡಿಯಬೇಕು. ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಪಾದರಸದ 20 ಇಂಚಿಗಿಂತ ಕಮ್ಮಿ ತೋರಿಸಿದರೆ ಪಂಪ್ ಮೇಲೆ ಅನುಮಾನ ಪಡಿ. ಅಡಿಕೆ ಗೋದಾಮಿನ ಪಕ್ಕ ನಿಲ್ಲುವ ಗಾಡಿಯಾದರೆ ಪೈಪಿನ ಉದ್ದಕ್ಕೂ ಕೈಯಾಡಿಸಿ, ಇಲಿ ಕಡಿದಿರುತ್ತದೆ. ಡೀಸೆಲ್ ಪೈಪಿನ ತುಂಡು ಸಿಕ್ಕಿಸಿ ಕ್ಲಾಂಪ್ ಹಾಕುವ ಅಡ್ಡದಾರಿ ಬೇಡವೇ ಬೇಡ. ಬಿಸಿಗೆ ಅದು ಮೆತ್ತಗಾಗಿ, ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತದೆ. ನಿಲ್ಲಿಸಿ ನೋಡಿದರೆ ಎಲ್ಲ ಸರಿ ಇರುತ್ತದೆ!

ಪೈಪಿನಲ್ಲೋ ಬೂಸ್ಟರ್ ಬಾಯಲ್ಲೋ ಇರುವ ಎನ್‌ಆರ್‌ವಿ ವಾಲ್ವ್ (ಒಂದೇ ಕಡೆಗೆ ಗಾಳಿ ಬಿಡುವ ವಾಲ್ವ್) ತೆಗೆದು ಊದಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಪಂಪ್ ಕಡೆಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹೋದರೆ ಸಿಕ್ಕಿಬಿತ್ತು ನಿಮ್ಮ ಕಳ್ಳ.

ತಂತಿಗೆ ಬಿಳಿ ಬಟ್ಟೆ ಸುತ್ತಿ ಬೂಸ್ಟರಿನ ಬಾಯಿಯೊಳಗೆ ಆಡಿಸಿ. ಕಪ್ಪು ಆಯಿಲ್ ಅಂಟಿದರೆ ಪಂಪ್ ಕಡೆಯಿಂದ ಎಂಜಿನ್ ಆಯಿಲ್ ಬಂದಿದೆ. ಬ್ರೇಕ್ ಆಯಿಲ್ ಅಂಟಿದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋರುತ್ತಿದೆ. ಹೊರಗೆಲ್ಲೂ ಹನಿ ಕಾಣದೆ ಡಬ್ಬಿಯ ಬ್ರೇಕ್ ಆಯಿಲ್ ಇಳಿಯುವ ಗುಟ್ಟು ಹೆಚ್ಚಾಗಿ ಇದೇ. ಕಾರಣ ಬಿಟ್ಟು ಬೂಸ್ಟರ್ ಮಾತ್ರ ಬದಲಿಸಿದರೆ ಹೊಸದರ ರಬ್ಬರೂ ಹಾಳಾಗುತ್ತದೆ.

ಬೂಸ್ಟರ್ ಕೊಳ್ಳುವಾಗ

ಹೊಸದನ್ನೇ ಕೊಳ್ಳಿ. ಹಳೇ ಡಬ್ಬಿಗೆ ಕಪ್ಪು ಪೇಂಟ್ ಹೊಡೆದು, ಒಳಗೆ ಯಾವುದೋ ರಬ್ಬರ್ ತುರುಕಿದ "ರೀಕಂಡೀಶನ್" ಮಾಲು ಅರ್ಧ ಬೆಲೆಗೆ ಸಿಗುತ್ತದೆ. ನಾನಂತೂ ಘಾಟಿ ಗಾಡಿಗೆ ಅದನ್ನು ಹಾಕುವುದಿಲ್ಲ. ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡುವ ಆಸೆಯೂ ಬೇಡ, ಒಳಗಿನ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ.

ಬಿಚ್ಚುವುದು

ಇದು ಸುಲಭದ ಭಾಗ. ಸಮತಟ್ಟು ಜಾಗ, ಗಾಲಿಗೆ ಕಲ್ಲು, ಎಂಜಿನ್ ಆಫ್. ಪೆಡಲ್ ಒತ್ತಿ ಒಳಗಿನ ವ್ಯಾಕ್ಯೂಮ್ ಖಾಲಿ ಮಾಡಿ, ಪೈಪ್ ತೆಗೆಯಿರಿ. ಮಾಸ್ಟರ್ ಸಿಲಿಂಡರಿನ ನಟ್ ಬಿಚ್ಚಿ ಮುಂದಕ್ಕೆ ಸರಿಸಿ. ಬ್ರೇಕ್ ಪೈಪ್ ಬಾಗದಷ್ಟು ಜಾಗ ಸಿಕ್ಕರೆ ಪೈಪ್ ಬಿಚ್ಚಲೇಬೇಡಿ, ಆಮೇಲೆ ಲೈನಿನ ಏರ್ ತೆಗೆಯುವ ಕೆಲಸ ತಪ್ಪುತ್ತದೆ. ಸಿಲಿಂಡರನ್ನು ತಂತಿಯಿಂದ ಕಟ್ಟಿ ನಿಲ್ಲಿಸಿ. ಕ್ಯಾಬಿನ್ ಒಳಗೆ ಪೆಡಲಿನ ಸ್ಪ್ಲಿಟ್ ಪಿನ್, ದೊಡ್ಡ ಪಿನ್, ಎಂಜಿನ್ ಕಡೆಯ ಗೋಡೆಗೆ ಬೂಸ್ಟರ್ ಬಿಗಿದ ನಟ್‌ಗಳು. ಅಷ್ಟೇ. ಬೆನ್ನು ಮಾತ್ರ ನೋಯುತ್ತದೆ.

ಎಲ್ಲರೂ ಎಡವುವ ಜಾಗ: ಪುಶ್ ರಾಡ್

ಬೂಸ್ಟರಿನ ಮುಂದೆ ಒಂದು ಸಣ್ಣ ರಾಡ್ ಇರುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುವುದು ಅದೇ. ಪೆಡಲ್ ಬಿಟ್ಟಾಗ ರಾಡಿಗೂ ಪಿಸ್ಟನ್ನಿಗೂ ನಡುವೆ ಉಗುರಿನ ದಪ್ಪದಷ್ಟು ಸಂದು ಇರಬೇಕು. ಹೆಚ್ಚಿನ ಗಾಡಿಗಳಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು. ನಿಮ್ಮ ಗಾಡಿಯ ಸರಿಯಾದ ಅಳತೆ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಅದೇ ಕೊನೆಯ ಮಾತು.

ರಾಡ್ ಉದ್ದವಾದರೆ ಏನಾಗುತ್ತದೆ? ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸೂಜಿ ತೂತು ಮುಚ್ಚಿಯೇ ಇರುತ್ತದೆ. ಬ್ರೇಕ್ ಹಿಡಿದಂತೆ ಲೈನರ್ ಕಾಯುತ್ತದೆ, ಆಯಿಲ್ ಹಿಗ್ಗುತ್ತದೆ, ಹೋಗಲು ಜಾಗವಿಲ್ಲದೆ ಬ್ರೇಕ್ ತಾನಾಗೇ ಇನ್ನಷ್ಟು ಹಿಡಿಯುತ್ತದೆ. ಶೆಡ್ಡಿನ ಮುಂದೆ ಒಂದು ಸುತ್ತು ಹೊಡೆದರೆ ಇದು ಗೊತ್ತೇ ಆಗುವುದಿಲ್ಲ. ಹುಲಿಕಲ್ ಘಾಟಿಯ ಅರ್ಧಕ್ಕೆ ಬಂದಾಗ ಸುಟ್ಟ ವಾಸನೆ ಬರುತ್ತದೆ. ರಾಡ್ ಗಿಡ್ಡವಾದರೆ ಪೆಡಲ್ ಸುಮ್ನೆ ಆಳಕ್ಕೆ ಹೋಗಿ ಆಮೇಲೆ ಬ್ರೇಕ್ ಸಿಗುತ್ತದೆ.

ಅಳೆಯಲು ವರ್ನಿಯರ್ (ಸಣ್ಣ ಅಳತೆ ತೋರಿಸುವ ಜಾರುಪಟ್ಟಿ) ಸಾಕು. ಅದರ ಬಾಲದ ಕಡ್ಡಿಯಿಂದ, ಸಿಲಿಂಡರ್ ಬೂಸ್ಟರಿಗೆ ತಾಗುವ ಮುಖದಿಂದ ಪಿಸ್ಟನ್ ಗುಳಿಯ ತಳದವರೆಗೆ ಆಳ ಅಳೆಯಿರಿ. ಬೂಸ್ಟರಿನ ಮುಖದಿಂದ ರಾಡ್ ಎಷ್ಟು ಹೊರಗಿದೆ ನೋಡಿ. ಆ ಆಳದಿಂದ ರಾಡಿನ ಅಳತೆ ಕಳೆದರೆ ಸಂದು.

ವರ್ನಿಯರ್ ಇಲ್ಲವೇ? ಮಕ್ಕಳು ಆಡುವ ಬಣ್ಣದ ಕ್ಲೇ ತನ್ನಿ. ಕಡಲೆಯಷ್ಟು ಉಂಡೆಯನ್ನು ರಾಡಿನ ತುದಿಗೆ ಅಂಟಿಸಿ, ಸಿಲಿಂಡರ್ ಕೂರಿಸಿ ನಟ್ ಬಿಗಿಯಿರಿ. ಪೆಡಲ್ ಮುಟ್ಟಬೇಡಿ. ಮತ್ತೆ ಬಿಚ್ಚಿ, ತುದಿಯಲ್ಲಿ ಉಳಿದ ಕ್ಲೇ ದಪ್ಪ ನೋಡಿ, ಸಂದು ಅಷ್ಟೇ. ಕ್ಲೇ ತೂತಾಗಿ ಕಬ್ಬಿಣ ಕಂಡರೆ ರಾಡ್ ಉದ್ದವಾಗಿದೆ. ಪರೀಕ್ಷೆ ಮುಗಿದ ಮೇಲೆ ಚೂರೂ ಉಳಿಯದಂತೆ ಒರೆಸಿ.

ತುದಿಯ ಸ್ಕ್ರೂ ತಿರುಗಿಸಿ ಸರಿಮಾಡಿ. ತಿರುಗಿಸುವಾಗ ರಾಡನ್ನು ಹೊರಕ್ಕೆ ಎಳೆಯಬೇಡಿ, ಕೆಲವು ಬೂಸ್ಟರುಗಳಲ್ಲಿ ಒಳಗಿನ ರಬ್ಬರ್ ಬಿಲ್ಲೆ ಜಾರಿ ಬೀಳುತ್ತದೆ. ಸ್ಕ್ರೂ ಇಲ್ಲದ ರಾಡ್ ಉದ್ದವಾಗಿದ್ದರೆ ಬೂಸ್ಟರನ್ನೇ ಅಂಗಡಿಗೆ ವಾಪಸ್ ಕೊಡಿ. ರಾಡನ್ನು ಗ್ರೈಂಡರಿಗೆ ಹಿಡಿಯುವವರಿದ್ದಾರೆ, ಅವರ ಹತ್ತಿರ ಗಾಡಿ ಬಿಡಬೇಡಿ. ಸಿಲಿಂಡರ್ ಮತ್ತು ಬೂಸ್ಟರ್ ನಡುವಿನ ರಬ್ಬರ್ ರಿಂಗ್ ಹೊಸದೇ ಹಾಕಿ.

ಕೂರಿಸಿದ ಮೇಲೆ

ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಒಬ್ಬರನ್ನು ಕೂರಿಸಿ ಪೆಡಲನ್ನು ಮೆಲ್ಲಗೆ ಒತ್ತಿಸಿ. ಬಗ್ಗಿ ನೋಡಬೇಡಿ, ಕಣ್ಣಿಗೆ ಚಿಮ್ಮೀತು. ಒತ್ತಲು ಶುರುಮಾಡಿದ ಕ್ಷಣ ಆಯಿಲ್‌ನಲ್ಲಿ ಸಣ್ಣ ಬುಗ್ಗೆ ಎದ್ದರೆ ಆಯಿಲ್ ವಾಪಸ್ ಹೋಗುವ ಆ ಸೂಜಿ ತೂತು ತೆರೆದಿದೆ. ಏನೂ ಅಲುಗದಿದ್ದರೆ ರಾಡ್ ಇನ್ನೊಮ್ಮೆ ಅಳೆಯಿರಿ. ಪೆಡಲಿಗೂ ಒಂದಿಷ್ಟು ಫ್ರೀ ಪ್ಲೇ (ಒತ್ತಲು ಶುರುಮಾಡಿದಾಗ ಸಿಗುವ ಸಡಿಲ) ಇರಲಿ. ಬ್ರೇಕ್ ಲೈಟಿನ ಸ್ವಿಚ್ ಪೆಡಲನ್ನು ಒತ್ತಿಕೊಂಡು ಕೂತಿದ್ದರೂ ಬ್ರೇಕ್ ಹಿಡಿದೇ ಇರುತ್ತದೆ.

ಬ್ರೇಕ್ ಪೈಪ್ ಬಿಚ್ಚಿದ್ದರೆ ಏರ್ ತೆಗೆಯಿರಿ, ಸೀಲ್ ಒಡೆಯದ ಹೊಸ ಡಬ್ಬಿಯಿಂದಲೇ ಆಯಿಲ್ ಹಾಕಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ನೀರಿನಂಶ ಹೀರಿದ ಮೇಲೆ ಅದಕ್ಕಿರುವ ಮಿತಿ 140. ಕಳೆದ ಮಳೆಗಾಲದಲ್ಲಿ ಒಡೆದಿಟ್ಟ ಅರ್ಧ ಡಬ್ಬಿಯನ್ನು ಮಲೆನಾಡಿನಲ್ಲಿ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಖಾಲಿ ಗಾಡಿಯಲ್ಲಿ, ಸಮತಟ್ಟು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡಿಸಿ, ಆಗಾಗ ಬ್ರೇಕ್ ಹಿಡಿಯಿರಿ. ನಿಲ್ಲಿಸಿ ನಾಲ್ಕೂ ಗಾಲಿಯ ಹತ್ತಿರ ಕೈ ತನ್ನಿ, ಡ್ರಮ್ ಮುಟ್ಟಬೇಡಿ. ಒಂದು ಗಾಲಿ ಮಾತ್ರ ಕಾದಿದ್ದರೆ ಆ ಗಾಲಿಯ ಬ್ರೇಕ್ ನೋಡಿ, ನಾಲ್ಕೂ ವಿಪರೀತ ಕಾದಿದ್ದರೆ ರಾಡ್ ನೋಡಿ. ಇದೆಲ್ಲ ಸರಿಯಾದ ಮೇಲೂ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸುವವರಿಗೆ ಒಂದು ಮಾತು: ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿಯುವ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟು ಮಾತ್ರ.