ಶುಂಠಿ ಬಿಯರ್ ಹುದುಗುವಾಗ ಕೈ ಬಾಟಲಿಯ ಮೇಲಿರಲಿ

ನಮ್ಮದು ಹನುಮಂತನಗರದಲ್ಲಿ ಎರಡನೇ ಮಹಡಿ ಮನೆ. ಮೇಲೆ ಬರೀ ತಾರಸಿ. ಏಪ್ರಿಲ್ ಮಧ್ಯಾಹ್ನ ಅಡುಗೆಮನೆಯ ಅಟ್ಟದಲ್ಲಿ ಥರ್ಮಾಮೀಟರ್ ಇಟ್ಟರೆ 35 ಡಿಗ್ರಿ ತೋರಿಸುತ್ತದೆ. ಡಿಸೆಂಬರ್ ಬೆಳಗ್ಗೆ ಅದೇ ಜಾಗದಲ್ಲಿ 19. ‘ಮೂರು ದಿನ ಇಡಿ’ ಅಂತ ಎಲ್ಲಾದರೂ ಓದಿದರೆ, ಯಾವ ತಿಂಗಳ ಮೂರು ದಿನ ಅಂತ ಕೇಳಿಕೊಳ್ಳಿ. ಇಡ್ಲಿ ಹಿಟ್ಟು ಬೇಸಿಗೆಯಲ್ಲಿ ಬೆಳಗಾಗುವ ಮೊದಲೇ ಪಾತ್ರೆಯಿಂದ ಉಕ್ಕುತ್ತದೆ, ಚಳಿಯಲ್ಲಿ ಹತ್ತು ಗಂಟೆಯಾದರೂ ಏಳುವುದಿಲ್ಲ ಅಲ್ವಾ? ಶುಂಠಿ ಬಿಯರ್ ಹುದುಗುವುದೂ ಹಾಗೆಯೇ.

ಪರವಾನಗಿ ಇಲ್ಲದೆ ಮನೆಯಲ್ಲಿ ಬಾರ್ಲಿ ಬಿಯರ್ ತಯಾರಿಸಲು ನಮ್ಮ ರಾಜ್ಯದ ಅಬಕಾರಿ ಕಾಯ್ದೆ ಬಿಡುವುದಿಲ್ಲ. ನಾನು ಮಾಡುವುದು ಶುಂಠಿಯದು, ಸೋಡಾ ಥರ ಕುಡಿಯುವಂಥದ್ದು. ಬೇಗ ಫ್ರಿಜ್‌ಗೆ ಹಾಕಿದರೆ ಮದ್ಯದ ಅಂಶ ತೀರಾ ಕಡಿಮೆ. ಆದರೂ ಸೊನ್ನೆಯಲ್ಲ. ಹೊರಗೆ ಇಟ್ಟಷ್ಟೂ ಏರುತ್ತದೆ. ಮಕ್ಕಳಿಗೆ ನಾನು ಕೊಡುವುದಿಲ್ಲ.

ಮೊದಲು ಹೆಪ್ಪು ಬೇಕು. ಗಾಂಧಿಬಜಾರಿನಲ್ಲಿ ಮಣ್ಣು ಮೆತ್ತಿರುವ ಶುಂಠಿಯನ್ನೇ ಆರಿಸುತ್ತೇನೆ. ಮಣ್ಣು ತೊಳೆಯಿರಿ, ಸಿಪ್ಪೆ ಮಾತ್ರ ತೆಗೆಯಬೇಡಿ. ಹುದುಗಿಸುವ ಯೀಸ್ಟ್ ಇರುವುದು ಸಿಪ್ಪೆಯಲ್ಲಿ. ಅರ್ಧ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ತುರಿದ ಶುಂಠಿ, ಎರಡು ದೊಡ್ಡ ಚಮಚ ಸಕ್ಕರೆ. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಯೀಸ್ಟಿಗೆ ಆಗಿಬರುವುದಿಲ್ಲ. ಹದಿನೈದು ನಿಮಿಷ ಕುದಿಸಿ, ಪೂರ್ತಿ ಆರಿಸಿ ಬಳಸಿ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕಲಕಿ. ಬೇಸಿಗೆಯಲ್ಲಿ ಮೂರ್ನಾಲ್ಕು ದಿನ, ಚಳಿಗಾಲದಲ್ಲಿ ವಾರ. ಕಲಕಿದಾಗ ಸುಸ್ಸ್ ಅಂತ ನೊರೆ ಎದ್ದರೆ ಹೆಪ್ಪು ತಯಾರು. ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ತೆಗೆದುಹಾಕಬಹುದು. ಹಸಿರು, ಕಪ್ಪು ಬೂಷ್ಟು ಬಂದರೆ ಮರುಮಾತಿಲ್ಲದೆ ಚೆಲ್ಲಿ.

ಎರಡು ಲೀಟರ್ ಮಾಡಲು ನೂರು ಗ್ರಾಂ ಶುಂಠಿ ತುರಿದು, ನೂರೈವತ್ತು ಗ್ರಾಂ ಸಕ್ಕರೆ ಜೊತೆ ಹತ್ತು ನಿಮಿಷ ಕುದಿಸಿ ಸೋಸುತ್ತೇನೆ. ಎರಡು ನಿಂಬೆಹಣ್ಣಿನ ರಸ ಹಿಂಡುತ್ತೇನೆ. ಬೆಲ್ಲವೂ ಆಗುತ್ತದೆ, ನನಗೆ ಮಂಡ್ಯದ ಬೆಲ್ಲದ ರುಚಿಯೇ ಇಷ್ಟ. ಆದರೆ ಅದು ಸಕ್ಕರೆಗಿಂತ ಜೋರಾಗಿ ನೊರೆ ಎಬ್ಬಿಸುತ್ತದೆ. ಮೊದಲ ಎರಡು ಸಲ ಸಕ್ಕರೆಯಲ್ಲೇ ಕಲಿಯಿರಿ.

ಈಗ ಅದು ಆರುವವರೆಗೆ ಕಾಯಬೇಕು. ಬಿಸಿ ಇರುವಾಗಲೇ ಹೆಪ್ಪು ಹಾಕಿದರೆ ಯೀಸ್ಟ್ ಸಾಯುತ್ತದೆ. ಪಾತ್ರೆಯ ಹೊರಮೈ ಮುಟ್ಟಿ ನೋಡಿ. ಕೈಗೆ ಬೆಚ್ಚಗೂ ಅನ್ನಿಸಬಾರದು. ಆಮೇಲೆ ಸೋಸಿದ ಹೆಪ್ಪಿನ ನೀರು ಅರ್ಧ ಲೋಟ, ಸುಮಾರು 120 ಎಂಎಲ್. ಬಟ್ಟೆ ಮುಚ್ಚಿ ಒಂದು ದಿನ ಬಿಡಿ. ಸಣ್ಣ ಗುಳ್ಳೆಗಳು ಅಂಚಿನಲ್ಲಿ ಉಂಗುರದ ಹಾಗೆ ಕೂರುತ್ತವೆ.

ಬಾಟಲಿ ವಿಚಾರದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲೇ, ಚೆಂದದ ಚೌಕ ಗಾಜಿನ ಬಾಟಲಿ ತುಂಬಿಸಿ ಅಟ್ಟದಲ್ಲಿಟ್ಟು ಎರಡು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಗಾಜಿನ ಚೂರು ಒಲೆ ಮೇಲೆ, ಕಿಟಕಿ ಸಂದಿಯಲ್ಲಿ, ಅಕ್ಕಿ ಡಬ್ಬದ ಹಿಂದೆ. ಆ ಹೊತ್ತಿಗೆ ಅಮ್ಮ ಒಲೆ ಮುಂದೆ ನಿಂತಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆದುಕೊಳ್ಳುತ್ತೇನೆ. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಮುಚ್ಚಳ ಹಾಕಿದ ಮೇಲೆ ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲ.

ಹಾಗಾಗಿ ಸೋಡಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ. ಅದನ್ನು ಒತ್ತಡ ತಡೆಯಲೆಂದೇ ಮಾಡಿರುತ್ತಾರೆ. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಸೋಡಾ ಬಾಟಲಿಯನ್ನು ಕುದಿಯುವ ನೀರಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ಬಿಸಿನೀರು ಸಾಕು, ಸೋಪಿನ ವಾಸನೆ ಉಳಿಯಬಾರದು. ಕತ್ತಿನ ಹತ್ತಿರ ಮೂರು ಬೆರಳು ಜಾಗ ಬಿಟ್ಟು ತುಂಬಿ, ಬಿಗಿಯಾಗಿ ಮುಚ್ಚಿ.

ಅಲ್ಲಿಂದ ನಿಮ್ಮ ಕೈಯೇ ಅಳತೆಗೋಲು. ಬೆಳಗ್ಗೆ, ಸಂಜೆ ಬಾಟಲಿ ಅದುಮಿ ನೋಡಿ. ಮೊದಮೊದಲು ಮೆತ್ತಗಿರುತ್ತದೆ. ಕಲ್ಲಿನ ಹಾಗೆ ಗಟ್ಟಿಯಾದ ತಕ್ಷಣ ಫ್ರಿಜ್‌ಗೆ. ಏಪ್ರಿಲ್‌ನಲ್ಲಿ ನನಗೆ ಒಂದೇ ದಿನ ಸಾಕಾಗಿದೆ, ಜನವರಿಯಲ್ಲಿ ನಾಲ್ಕು ದಿನ ಹಿಡಿದಿದೆ. ಬೇಸಿಗೆಯಲ್ಲಿ ಬಾಟಲಿಯನ್ನು ನೆಲದ ಮೇಲೆ ನೀರು ತುಂಬಿದ ಟಬ್ಬಿನಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತುತ್ತೇನೆ. ಬಟ್ಟೆಯ ಅಂಚು ನೀರಿನಲ್ಲಿ ಮುಳುಗಿರಲಿ, ಆಗ ಒಣಗುವುದಿಲ್ಲ. ಮಣ್ಣಿನ ಹೂಜಿ ತಂಪಾಗುವುದೂ ಇದೇ ರೀತಿಯಲ್ಲಿ. ಮಳೆಗಾಲದ ತೇವದಲ್ಲಿ ಈ ಉಪಾಯ ಅಷ್ಟು ಕೆಲಸ ಮಾಡುವುದಿಲ್ಲ, ಆದರೆ ಆಗ ಬೆಂಗಳೂರೇ ತಂಪಾಗಿರುತ್ತದೆ. ಚಳಿಯಲ್ಲಿ ಬಾಟಲಿಗಳನ್ನು ಫ್ರಿಜ್‌ನ ಹಿಂಬದಿಯ ಬೆಚ್ಚನೆ ಮೂಲೆಗೆ ಸರಿಸುತ್ತೇನೆ. ಹಿಟ್ಟಿನ ಪಾತ್ರೆಗೂ ಅದೇ ಮೂಲೆ.

ಫ್ರಿಜ್‌ನಲ್ಲಿ ಹುದುಗುವುದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಒಂದು ವಾರದೊಳಗೆ ಕುಡಿದು ಮುಗಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟ್ ಸೊರಗಿದೆ ಅಂತ ತಿಳಿಯಿರಿ. ಮುಂದಿನ ಸಲ ಹೆಪ್ಪನ್ನು ಇನ್ನೆರಡು ದಿನ ಸಾಕಿ, ಜೋರಾದ ಮೇಲೆ ಬಳಸಿ. ಹುಳಿ ವಿನೆಗರ್ ವಾಸನೆ ಬಂದರೆ ಪಾತ್ರೆ ಜಾಸ್ತಿ ದಿನ ತೆರೆದಿತ್ತು ಅಂತ ಅರ್ಥ.

ತೆರೆಯುವಾಗ ಬಾಟಲಿ ಚೆನ್ನಾಗಿ ತಣ್ಣಗಿರಲಿ. ಸಿಂಕ್ ಮೇಲೆ ಹಿಡಿದು ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ. ಸದ್ದು ನಿಲ್ಲುವವರೆಗೆ ತಡೆಯಿರಿ, ಮತ್ತೆ ಕಾಲು ಸುತ್ತು. ಆಮೇಲೆ ಹೆಪ್ಪಿನ ಜಾಡಿಗೆ ತೆಗೆದಷ್ಟೇ ಆರಿದ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಶುಂಠಿ ಹಾಕಿಡಿ. ಮುಂದಿನ ಭಾನುವಾರಕ್ಕೆ ಬೇಕಾಗುತ್ತದೆ.