ಪಿಂಚಣಿ ಕಾಗದಗಳಲ್ಲಿ ಸೈನಿಕ ಅಜ್ಜನ ಮನೆತನವನ್ನು ಹುಡುಕುವುದು ಹೇಗೆ?

ಸೇನೆಯಲ್ಲಿದ್ದ ಅಜ್ಜ ಅಥವಾ ಮುತ್ತಜ್ಜನ ಬಗ್ಗೆ ಮನೆಮಂದಿಯ ನೆನಪಿನಲ್ಲಿ ಉಳಿದಿರುವುದು ಸಾಮಾನ್ಯವಾಗಿ ಯುದ್ಧದ ಕಥೆ. ಸರ್ಕಾರಿ ಕಡತದಲ್ಲಿ ಉಳಿದಿರುವುದು ಅವರ ಸಂಸಾರದ ವಿವರ. ಪಿಂಚಣಿ ಕಡತ ತಯಾರಿಸುವ ಗುಮಾಸ್ತನಿಗೆ ಆ ಸಿಪಾಯಿ ಎಲ್ಲೆಲ್ಲಿ ಕಾದಾಡಿದ ಎನ್ನುವುದಕ್ಕಿಂತ, ಅವನು ತೀರಿಕೊಂಡರೆ ಹಣ ಯಾರ ಕೈಸೇರಬೇಕು ಎನ್ನುವುದೇ ಮುಖ್ಯವಾಗಿತ್ತು. ಹಾಗಾಗಿಯೇ ತಂದೆಯ ಹೆಸರು, ಹೆಂಡತಿಯ ಹೆಸರು, ಮಕ್ಕಳ ಜನ್ಮದಿನಾಂಕ, ಊರು, ಅಂಚೆ, ತಾಲ್ಲೂಕು ಎಲ್ಲವೂ ಅಲ್ಲಿ ದಾಖಲಾಗಿರುತ್ತವೆ.

ಹುಡುಕಾಟವನ್ನು ಹೆಸರಿನಿಂದಲ್ಲ, ಸೇನಾ ಸಂಖ್ಯೆಯಿಂದ ಆರಂಭಿಸಬೇಕು. ಒಂದೇ ರೆಜಿಮೆಂಟಿನಲ್ಲಿ ಒಂದೇ ಹೆಸರಿನ ಹತ್ತಾರು ಮಂದಿ ಇರುತ್ತಿದ್ದರು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪಾವತಿ ಆದೇಶ (ಎಲ್ಲರ ಬಾಯಲ್ಲಿ ಪಿಪಿಓ), ಹಳೆಯ ಪಾಸ್‌ಬುಕ್, ಮನಿಯಾರ್ಡರ್ ರಸೀದಿ ಇವುಗಳಲ್ಲಿ ಆ ಸಂಖ್ಯೆ ಸಿಗಬಹುದು. ಇವು ಯಾವುವೂ ಇಲ್ಲದಿದ್ದರೆ ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬ್ರಿಟಿಷರ ಕಾಲದ ಪದಕಗಳ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು ಮತ್ತು ಪಡೆಯ ಹೆಸರನ್ನು ಒತ್ತಿರುವುದುಂಟು. ಪದಕವನ್ನು ಹುಣಸೆಹಣ್ಣು ಹಾಕಿ ಉಜ್ಜುವ ಉತ್ಸಾಹ ಮಾತ್ರ ಬೇಡ, ಅಕ್ಷರಗಳು ಸವೆದುಹೋಗುತ್ತವೆ.

ಎರಡನೆಯದಾಗಿ, ಅವರಿಗೆ ಪಿಂಚಣಿ ಬರುವ ಸಾಧ್ಯತೆ ಇತ್ತೇ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ. ಸಿಪಾಯಿಗಳಿಗೆ ಸೇವಾ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷಗಳ ಸೇವೆ ಆಗಿರಬೇಕು. ಎರಡನೆಯ ಮಹಾಯುದ್ಧಕ್ಕೆಂದು ಸೇರಿ, ಯುದ್ಧ ಮುಗಿದೊಡನೆ ಮನೆಗೆ ಕಳುಹಿಸಲ್ಪಟ್ಟವರಿಗೆ ಅಷ್ಟು ಸೇವೆ ಇರಲಿಲ್ಲ. ಗಾಯ ಅಥವಾ ಕಾಯಿಲೆಯಿಂದಾಗಿ ಅಂಗವೈಕಲ್ಯ ಪಿಂಚಣಿ ಮಂಜೂರಾಗಿದ್ದರೆ ಮಾತ್ರ ಅಂಥವರ ಪಿಂಚಣಿ ಕಡತ ಇರುತ್ತದೆ. ಹಾಗೆಯೇ ಸಾಮಾನ್ಯ ಕುಟುಂಬ ಪಿಂಚಣಿ ಜಾರಿಗೆ ಬಂದದ್ದು 1964ರ ಜನವರಿ 1ರಿಂದ. ಅದಕ್ಕೂ ಮೊದಲೇ ಅಜ್ಜಿಗೆ ಪಿಂಚಣಿ ಬರುತ್ತಿತ್ತೆಂದು ಮನೆಯವರು ಹೇಳುತ್ತಿದ್ದರೆ, ಅಜ್ಜ ಸೇವೆಯ ಕಾರಣದಿಂದಲೇ ಮಡಿದಿರಬಹುದು ಎಂಬ ಸುಳಿವು ಅದರಲ್ಲಿದೆ. ಪಿಪಿಓ ಸಂಖ್ಯೆಯ ಮೊದಲ ಅಕ್ಷರವೂ ಮಾತನಾಡುತ್ತದೆ: ಎಸ್ ಎಂದರೆ ಸೇವಾ ಪಿಂಚಣಿ, ಡಿ ಎಂದರೆ ಅಂಗವೈಕಲ್ಯದ್ದು, ಎಫ್ ಎಂದರೆ ಕುಟುಂಬದ್ದು.

ಇನ್ನು ಕಡತ ಎಲ್ಲಿದೆ ಎಂಬ ಪ್ರಶ್ನೆ. ಪಿಂಚಣಿ ಮಂಜೂರಾಗುವುದು ಪ್ರಯಾಗ್‌ರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿಯಲ್ಲಾದರೂ, ಸಿಪಾಯಿಯ ಸೇವಾ ದಾಖಲೆ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಇಜಿಯದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿದೆ, ಪಯೋನಿಯರ್ ಕೋರ್‌ನದೂ ಅಲ್ಲೇ. ಉತ್ತರ ಕರ್ನಾಟಕದ ಅನೇಕರು ಸೇರಿದ್ದ ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿ ದಳದ್ದು ನಾಸಿಕ್ ರೋಡ್‌ನಲ್ಲಿ, ಸಂದೇಶ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್ ದಳದ್ದು ಜಬಲ್ಪುರದಲ್ಲಿ. ಪಡೆ ಯಾವುದೆಂದೇ ಗೊತ್ತಿಲ್ಲದವರು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮೊದಲು ವಿಚಾರಿಸುವುದು ಒಳಿತು. ನಿವೃತ್ತರ ಹಾಗೂ ವಿಧವೆಯರ ನೋಂದಣಿ ಅಲ್ಲಿ ನಡೆಯುತ್ತದೆ.

ಅರ್ಜಿಯಲ್ಲಿ ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಪ್ರಯೋಜನ ಕಡಿಮೆ. ಶೀಟ್ ರೋಲ್, ಕಿಂಡ್ರೆಡ್ ರೋಲ್, ಪಿಪಿಓ ಪ್ರತಿ, ಲಾಂಗ್ ರೋಲ್‌ನ ನಮೂದು ಎಂದು ಹೆಸರಿಸಿಯೇ ಕೇಳಬೇಕು. ಶೀಟ್ ರೋಲ್ ಎಂದರೆ ಸಿಪಾಯಿಯ ಸೇವಾ ವಿವರದ ಹಾಳೆ, ಲಾಂಗ್ ರೋಲ್ ಎಂದರೆ ಪಡೆಗೆ ಭರ್ತಿಯಾದವರೆಲ್ಲರ ಹೆಸರಿರುವ ದೊಡ್ಡ ನೋಂದಣಿ ಪುಸ್ತಕ, ಕಿಂಡ್ರೆಡ್ ರೋಲ್ ಎಂಬುದು ಸಿಪಾಯಿಯ ಬಂಧುಗಳ ಪಟ್ಟಿ. ಈ ಬಂಧುಗಳ ಪಟ್ಟಿ ಸಿಕ್ಕರೆ ಅರ್ಧ ವಂಶವೃಕ್ಷವೇ ಸಿಕ್ಕಂತೆ. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಗಳನ್ನು 25 ವರ್ಷಗಳ ಬಳಿಕ ನಾಶಪಡಿಸುವ ನಿಯಮವಿದೆ, ಆದರೆ ಲಾಂಗ್ ರೋಲ್ ಮಾತ್ರ ಶಾಶ್ವತವಾಗಿ ಉಳಿಯುತ್ತದೆ. ಆದ್ದರಿಂದ ‘ದಾಖಲೆ ನಾಶವಾಗಿದೆ’ ಎಂಬ ಉತ್ತರ ಬಂದರೂ ಲಾಂಗ್ ರೋಲ್‌ಗಾಗಿ ಮತ್ತೊಮ್ಮೆ ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ತೆತ್ತು ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ಬೇರೆಯವರ ಖಾಸಗಿ ವಿವರ ಎಂಬ ಆಕ್ಷೇಪ ಬರದಂತೆ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರವನ್ನೂ ಮರಣ ಪ್ರಮಾಣಪತ್ರವನ್ನೂ ಲಗತ್ತಿಸಬೇಕು.

ಕಾಗದ ಕೈಗೆ ಬಂದ ಮೇಲೆ ಅದನ್ನು ಓದುವುದು ಬೇರೆಯೇ ಕೆಲಸ. ಹೆಸರುಗಳನ್ನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುವುದರಿಂದ ಮುನಿಸ್ವಾಮಿ ಮುನುಸಾಮಿಯಾಗಿರಬಹುದು, ಹನುಮಂತಪ್ಪ ಬರೀ ಹನ್ಮಂತ್ ಆಗಿರಬಹುದು. ಜನ್ಮದಿನಾಂಕವನ್ನು ಪೂರ್ತಿ ನಂಬಬಾರದು. ಭರ್ತಿಯ ದಿನ ಹೇಳಿದ ವಯಸ್ಸಿನಿಂದ ಲೆಕ್ಕ ಹಾಕಿದ್ದೂ ಇರುತ್ತದೆ. ವಿಳಾಸವನ್ನು ಇಂದಿನ ನಕ್ಷೆಯಿಟ್ಟು ನೋಡಿದರೆ ದಾರಿ ತಪ್ಪುತ್ತದೆ: ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ವಿಧವೆಯ ಪಿಂಚಣಿ ನಡುವೆ ನಿಂತಿದ್ದರೆ ಅದು ಸಾವೋ ಮರುಮದುವೆಯೋ ಎಂದು ವಿಚಾರಿಸಬೇಕು. ಗಂಡನ ಒಡಹುಟ್ಟಿದವನನ್ನೇ ಮದುವೆಯಾಗಿ ಕೂಡಿಬಾಳಿದ ವಿಧವೆಗೆ ವಿಶೇಷ ಕುಟುಂಬ ಪಿಂಚಣಿ (ಸೇವೆಯ ಕಾರಣದಿಂದ ಮಡಿದವರ ಮನೆಯವರಿಗೆ ಸಿಗುವಂಥದ್ದು) ಮುಂದುವರಿಸಲು ನಿಯಮದಲ್ಲಿ ಅವಕಾಶವಿತ್ತು. ಆದುದರಿಂದ ಒಂದೇ ತಾಯಿಯ ಮಕ್ಕಳಿಗೆ ಇಬ್ಬರು ತಂದೆಯರ ಹೆಸರು ಕಂಡರೆ ಗುಮಾಸ್ತನ ತಪ್ಪೆಂದು ತಿದ್ದಲು ಹೋಗಬೇಡಿ.

ಮೈಸೂರು ಸಂಸ್ಥಾನದ ಪಡೆಗಳ ವಿಷಯ ಇದಕ್ಕಿಂತ ಭಿನ್ನ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳ ಮಹಾರಾಜರ ಪಡೆಯಾಗಿದ್ದುದರಿಂದ, ಅಂಥವರ ಕುರುಹನ್ನು ಸಂಸ್ಥಾನದ ಹಳೆಯ ಕಡತಗಳಲ್ಲಿ, ಎಂದರೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು.

ಮಹಾಯುದ್ಧಗಳಲ್ಲಿ ಮಡಿದವರಾಗಿದ್ದರೆ ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಆಯೋಗದ ಜಾಲತಾಣವನ್ನೂ ನೋಡಿ; ಎರಡನೆಯ ಯುದ್ಧಕ್ಕೆ ಸಂಬಂಧಿಸಿ ಅದು 1947ರ ಡಿಸೆಂಬರ್ 31ರವರೆಗಿನ ಸಾವುಗಳನ್ನು ಸೇರಿಸಿಕೊಳ್ಳುತ್ತದೆ. ಹಲವು ಭಾರತೀಯ ಸಿಪಾಯಿಗಳ ನಮೂದಿನಲ್ಲಿ ಇಂಥವರ ಮಗ, ಇಂಥವಳ ಗಂಡ, ಇಂಥ ಊರಿನವನು ಎಂಬ ಒಂದು ಸಾಲು ಇರುತ್ತದೆ. ಆ ಊರಿನ ಹೆಸರು ಸಿಕ್ಕಿತೆಂದರೆ ಮುಂದಿನ ಹುಡುಕಾಟ ತಾಲ್ಲೂಕು ಕಚೇರಿಯ ಪಹಣಿಯಲ್ಲಿ.